‘ಡೆವಿಲ್ಸ್ ಕ್ಲಾ’ ಗಿಡಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಆಫ್ರಿಕದ ನಾಟಿಮದ್ದುಗಳನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿರುವ ನಾನು ಒಂದು ಗಿಡದ ಹೆಸರಿನ ಬಳಿ ನಿಂತುಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಅದು ಡೆವಿಲ್ಸ್ ಕ್ಲಾ, ಸಸ್ಯಶಾಸ್ತ್ರದಲ್ಲಿ ಹಾರ್ಪಗೋಫೈಟಮ್ ಪ್ರೊಕಂಬೆನ್ಸ್. ನಮೀಬಿಯ, ಬೋಟ್ಸ್ವಾನ, ದಕ್ಷಿಣ ಆಫ್ರಿಕಗಳಲ್ಲಿ ಚಾಚಿಕೊಂಡಿರುವ ಕಲಹಾರಿಯ ಮರಳುನೆಲದಲ್ಲಿ ಇದು ನೆಲಕ್ಕಂಟಿ ಹರಡುತ್ತದೆ. ಅಲ್ಲಿನ ಸಾನ್ ಮತ್ತು ಖೋಯ್ ಜನರು ಇದರ ಗೆಡ್ಡೆಯನ್ನು ಹೆಚ್ಚಿ, ಒಣಗಿಸಿ, ಆ ಕಹಿಯಾದ ಕಷಾಯವನ್ನು ಅಜೀರ್ಣಕ್ಕೂ ಜ್ವರಕ್ಕೂ ನೋವಿಗೂ ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. 20ನೆಯ ಶತಮಾನದಲ್ಲಿ ಜರ್ಮನಿಯ ಮೂಲಕ ಯುರೋಪಿನ ಔಷಧದಂಗಡಿಗಳಿಗೆ ಹೋಗಿ ಕೀಲುನೋವಿನ ಮದ್ದೆಂದು ಹೆಸರಾಯಿತು.

ಮೊದಲ ಕರಡಿನಲ್ಲಿ ‘ದೆವ್ವದ ಉಗುರು’ ಎಂದು ಬರೆದಿದ್ದೆ. ಆದರೆ ಮೂಲದ ಡೆವಿಲ್ ಕ್ರೈಸ್ತರ ಸೈತಾನನೇ ಹೊರತು ಹುಣಿಸೆಮರದ ದೆವ್ವವಲ್ಲ. ಅದನ್ನು ಬಿಟ್ಟು ‘ಹುಲಿಯುಗುರು’ ಎಂದು ತಿದ್ದಿದಾಗ ತೊಡಕು ಇನ್ನೂ ಹೆಚ್ಚಾಯಿತು. ಮಂಡಿನೋವಿನಿಂದ ಬಳಲುವ ನಮ್ಮ ಚಿಕ್ಕಪ್ಪನವರು ಕರಡನ್ನು ಓದಿ, “ಇದು ನಮ್ಮ ಹೊಲದ ಬದುವಿನಲ್ಲೇ ಇದೆಯಲ್ಲಪ್ಪ, ಬೇರು ಕಿತ್ತು ಕುದಿಸಿದರಾಯಿತು” ಎಂದರು. ಅವರು ಹೇಳಿದ್ದು ನಮ್ಮಲ್ಲಿ ಆಗಲೇ ‘ಹುಲಿಯುಗುರು’ ಎನಿಸಿಕೊಂಡಿರುವ, ಮಾರ್ಟೀನಿಯ ಆನ್ಯುವ ಎಂಬ ಬೇರೆಯದೇ ಗಿಡ. ಅದು ಮೆಕ್ಸಿಕೊ ಕಡೆಯಿಂದ ಬಂದು ನಮ್ಮಲ್ಲಿ ನೆಲೆಯೂರಿದ್ದು. ಅದರ ಒಣಗಿದ ಕಾಯಿಯನ್ನು ಅಂಗೈಯಲ್ಲಿಟ್ಟು ನೋಡಿದರೆ, ಕಪ್ಪಗೆ ಗಟ್ಟಿಯಾದ ಒಡಲಿನ ಒಂದು ತುದಿಯಲ್ಲಿ ಎರಡೇ ಎರಡು ಬಾಗಿದ ಉಗುರುಗಳು ಕಾಣುತ್ತವೆ. ಕಲಹಾರಿಯ ಕಾಯಿ ಹಾಗಲ್ಲ: ಸುತ್ತಲೂ ಉದ್ದನೆಯ ತೋಳುಗಳು, ಪ್ರತಿ ತೋಳಿನ ಮೇಲೂ ಹಿಮ್ಮುಖವಾಗಿ ಬಾಗಿದ ಮುಳ್ಳುಗಳು, ದಾರಿಯಲ್ಲಿ ಹಾದುಹೋಗುವ ಪ್ರಾಣಿಗಳ ಕಾಲಿಗೆ ಸಿಕ್ಕಿಕೊಂಡು ಬೀಜ ಪಸರಿಸುತ್ತದೆ. ಇಂಗ್ಲಿಷಿನಲ್ಲಿಯೂ ಈ ಎರಡು ಗಿಡಗಳಿಗೆ ಒಂದೇ ಹೆಸರಿರುವುದರಿಂದ ಗೊಂದಲ ನಮ್ಮದಷ್ಟೇ ಅಲ್ಲ, ಆದರೆ ಮದ್ದಿನ ವಿಷಯದಲ್ಲಿ ಅದನ್ನು ನಾವು ಮುಂದುವರಿಸಬಾರದು.

ಲ್ಯಾಟಿನ್ ಹೆಸರಿನ ಜಾಡು ಹಿಡಿದರೆ ಕುತೂಹಲದ ಸಂಗತಿಯೊಂದು ಸಿಗುತ್ತದೆ. ‘ಹಾರ್ಪಗೋ’ ಎಂದರೆ ಹಗ್ಗಕ್ಕೆ ಕಟ್ಟಿ ಎಸೆದು ಸೆಳೆಯುವ ಹಲವು ಕೊಕ್ಕೆಗಳ ಸಾಧನ. ಬಾವಿಗೆ ಬಿದ್ದ ಕೊಡವನ್ನು ಎತ್ತಲು ಇಳಿಬಿಡುವ ನಮ್ಮ ಪಾತಾಳಗರಡಿಗೆ ಇದಕ್ಕಿಂತ ಹತ್ತಿರದ ನಂಟ ಇನ್ನೊಂದಿಲ್ಲ, ಕಾಯಿಯ ರೂಪವೂ ಅದೇ! ಆದರೆ ‘ಪಾತಾಳಗರುಡಿ’ ಎಂಬುದು ಆಯುರ್ವೇದದಲ್ಲಿ ದಾಗಡಿಬಳ್ಳಿಯ ಹೆಸರು. ಆದ್ದರಿಂದ ಮನಸ್ಸಿಲ್ಲದ ಮನಸ್ಸಿನಿಂದ ಅದನ್ನೂ ಕೈಬಿಟ್ಟೆ.

ಈ ಗಿಡ ಎಳ್ಳಿನ ಕುಟುಂಬಕ್ಕೆ ಸೇರಿದ್ದು. ನಮ್ಮ ಆನೆನೆಗ್ಗಿಲೂ ಅದೇ ಕುಟುಂಬದ್ದು. ನೆಲದ ಮೇಲೆ ಹರಡುವ ಮುಳ್ಳುಕಾಯಿಯ ಗಿಡಕ್ಕೆ ‘ನೆಗ್ಗಿಲು’ ಎನ್ನುವ ವಾಡಿಕೆ ಕನ್ನಡದಲ್ಲಿ ಆಗಲೇ ಇರುವುದರಿಂದ ‘ಕೊಕ್ಕೆನೆಗ್ಗಿಲು’ ಎಂದು ಕರೆದು, ಮೊದಲ ಬಾರಿ ಬಂದೆಡೆ ಸಸ್ಯಶಾಸ್ತ್ರದ ಹೆಸರನ್ನೂ ಕೊಡಬಹುದೆಂದು ನನಗೆ ತೋರುತ್ತದೆ. ಮದ್ದಿನ ಭಾಗವನ್ನು ‘ಬೇರು’ ಎನ್ನದೆ ‘ಗೆಡ್ಡೆ’ ಎಂದೇ ಬರೆಯಬೇಕು. ಬಲ್ಲವರು ಪಕ್ಕದ ಗೆಡ್ಡೆಗಳನ್ನಷ್ಟೇ ತೆಗೆದುಕೊಂಡು ತಾಯಿಬೇರನ್ನು ಮಣ್ಣಿನಲ್ಲೇ ಬಿಡುತ್ತಾರೆ. ಅದನ್ನೂ ಕಿತ್ತರೆ ಗಿಡ ಉಳಿಯುವುದಿಲ್ಲ. ನಮೀಬಿಯದಲ್ಲಿ ಇದು 1977ರಿಂದ ಸಂರಕ್ಷಿತ ಸಸ್ಯ.

ಎರಡನೆಯ ಪ್ರಶ್ನೆ ಪುರಾವೆಯ ಮಾತಿನದು. ಬೆನ್ನುನೋವಿನ ಗಿಡಮದ್ದುಗಳನ್ನು ಕುರಿತ 2014ರ ಕಾಕ್ರೇನ್ ಪರಾಮರ್ಶೆಯು (ಕಾಕ್ರೇನ್ ಎಂಬುದು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿನೋಡುವ ಸಂಸ್ಥೆ), ಈ ಗೆಡ್ಡೆಯಲ್ಲಿರುವ ಹಾರ್ಪಗೊಸೈಡ್ ಎಂಬ ರಾಸಾಯನಿಕವನ್ನು ದಿನಕ್ಕೆ 50 ಅಥವಾ 100 ಮಿಲಿಗ್ರಾಂ ಒದಗಿಸುವ ಸಾರವು ಅಲ್ಪಾವಧಿಯಲ್ಲಿ ಹುಸಿಮದ್ದಿಗಿಂತ (ಪ್ಲಸೀಬೊ) ಹೆಚ್ಚು ನೋವನ್ನು ತಗ್ಗಿಸಬಹುದೆಂದು ಹೇಳಿ, ಅದಕ್ಕೆ ಆಧಾರವಾದ ಎರಡು ಪ್ರಯೋಗಗಳ (ಒಟ್ಟು 315 ಜನ) ಪುರಾವೆಯನ್ನು ‘ಲೋ ಕ್ವಾಲಿಟಿ’ ಎಂದು ಗುರುತಿಸುತ್ತದೆ. ಇದನ್ನು ‘ಕಳಪೆ ಪುರಾವೆ’ ಎಂದರೆ ಯಾರೋ ಮೋಸ ಮಾಡಿದಂತೆ ಕೇಳಿಸುತ್ತದೆ. ‘ದುರ್ಬಲ ಪುರಾವೆ’ ನನಗೆ ಒಪ್ಪಿಗೆಯಾಗಿದೆ. ಯುರೋಪಿನ ಔಷಧ ಸಂಸ್ಥೆಯೂ ಇದನ್ನು ಸಣ್ಣಪುಟ್ಟ ಕೀಲುನೋವಿಗೆ, ಹೊಟ್ಟೆಯುಬ್ಬರಕ್ಕೆ ‘ಸಾಂಪ್ರದಾಯಿಕ ಬಳಕೆ’ಯ ಆಧಾರದ ಮೇಲೆ ಒಪ್ಪಿದೆಯೇ ವಿನಾ ಪ್ರಯೋಗದಿಂದ ಸಿದ್ಧವಾಯಿತೆಂದಲ್ಲ. ‘ಬಳಸುತ್ತಾರೆ’, ‘ಗುಣವಾಗಬಹುದು’, ‘ಗುಣವಾಗುತ್ತದೆ’ ಎಂಬ ಮೂರು ಕ್ರಿಯಾಪದಗಳ ನಡುವಣ ದೂರವನ್ನು ನಮ್ಮ ಆರೋಗ್ಯ ಬರಹಗಳು ‘ರಾಮಬಾಣ’ ಎಂಬ ಒಂದೇ ಪದದಿಂದ ಅಳಿಸಿಹಾಕುವುದನ್ನು ಕಂಡು ನನಗೆ ನಿಜಕ್ಕೂ ನೋವಾಗುತ್ತದೆ. ಹೊಟ್ಟೆಹುಣ್ಣು, ಪಿತ್ತಕೋಶದ ಕಲ್ಲು ಇರುವವರು ಈ ಮದ್ದಿನ ಬಗ್ಗೆ ಎಚ್ಚರವಾಗಿರಬೇಕೆಂಬ ಮಾತು ಆ ಪದದ ಪಕ್ಕದಲ್ಲಿ ನಿಲ್ಲುವುದೇ ಇಲ್ಲ.

‘ಕೊಕ್ಕೆನೆಗ್ಗಿಲು’ ಎಂಬ ಹೆಸರು ಯಾವುದಾದರೂ ಸೀಮೆಯಲ್ಲಿ ಬೇರೆ ಗಿಡಕ್ಕೆ ಈಗಾಗಲೇ ಸಲ್ಲುತ್ತಿದೆಯೇ, ‘ದುರ್ಬಲ ಪುರಾವೆ’ಗಿಂತ ಹೊಂದುವ ಪದ ವೈದ್ಯಕೀಯ ಬರಹಗಾರರ ಬಳಕೆಯಲ್ಲಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.