ಬಲೆಗೆ ಆಮೆ ಬಿದ್ದರೆ ಯಾರಿಗೆ ಹೇಳುವುದು?

ಸಣ್ಣ ಸಂಘದ ಕಾರ್ಯದರ್ಶಿಯ ಪ್ರಶ್ನೆ:

ನಮ್ಮ ಸಹಕಾರ ಸಂಘದಲ್ಲಿ 42 ದೋಣಿಗಳಿವೆ. ಹೆಚ್ಚಿನವರು ಗಿಲ್‌ನೆಟ್, ಅಂದರೆ ಮೀನು ಕಿವಿರಿನಲ್ಲಿ ಸಿಕ್ಕಿಬೀಳುವ ಬಲೆ, ಬಿಡುವವರು. ಈ ಬಾರಿ ಬಲೆಗೆ ಕಡಲಾಮೆಗಳು ಹೆಚ್ಚು ಬೀಳುತ್ತಿವೆ. ಎಲ್ಲರಿಗೂ ಗೊತ್ತು, ದಡಕ್ಕೆ ಬಂದ ಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಲೆಕ್ಕ ಹೊರಗೆ ಹೋದರೆ ಮೀನುಗಾರಿಕೆಯನ್ನೇ ನಿಲ್ಲಿಸುತ್ತಾರೆ ಎಂಬುದು ಅವರ ಭಯ. ಸುಮ್ಮನಿದ್ದರೆ ನಮ್ಮನ್ನು ಕೇಳದೆಯೇ ನಿಲ್ಲಿಸುತ್ತಾರೆ ಎಂಬುದು ನನ್ನದು. ಮುಂದಿನ ಸಭೆಗೆ ನಿಯಮದ ಕರಡು ಒಯ್ಯಬೇಕು. ದಂಡದಿಂದ ಆರಂಭಿಸಲೋ, ಬಲೆ ಬದಲಾಯಿಸುವುದರಿಂದಲೋ? ಮಾಡಿ ನೋಡಿದವರು ಹೇಳಿ.

ಸಂಘವೊಂದರ ಲೆಕ್ಕ ಬರೆಯುತ್ತಿದ್ದವರು:

ಎರಡರಿಂದಲೂ ಬೇಡ, ಎಣಿಕೆಯಿಂದ ಆರಂಭಿಸಿ. ನಾವು ದಂಡದಿಂದ ಆರಂಭಿಸಿ ಕೈ ಸುಟ್ಟುಕೊಂಡವರು. ನಿಯಮ ಬಂದ ತಿಂಗಳು ಪುಸ್ತಕದಲ್ಲಿ ಒಂದೂ ಆಮೆ ಇರಲಿಲ್ಲ. ಮರಳಿನ ಮೇಲೆ ಮಾತ್ರ ಸತ್ತವು ಬಂದು ಬೀಳುತ್ತಲೇ ಇದ್ದವು. ಒಂದರ ಮುಂಗಾಲಿಗೆ ಸುತ್ತಿಕೊಂಡಿದ್ದ ನೀಲಿ ಹಗ್ಗವನ್ನು ಸಂಘದ ಅಂಗಡಿಯಿಂದ ನಾನೇ ತೂಗಿ ಕೊಟ್ಟಿದ್ದೆ.

ಆಮೇಲೆ ದಂಡವನ್ನು ಕಿತ್ತುಹಾಕಿ ದೋಣಿಗೊಂದು ಪುಟ್ಟ ಪುಸ್ತಕ ಕೊಟ್ಟೆವು. ತಾರೀಖು, ಎಷ್ಟು ಆಳ, ಬಲೆ ನೀರಿನಲ್ಲಿ ಎಷ್ಟು ಗಂಟೆ ಇತ್ತು, ಆಮೆ ಬದುಕಿತ್ತೋ ಇಲ್ಲವೋ, ಇಷ್ಟೇ ಬರೆಯಬೇಕು. ದೋಣಿಯ ಹೆಸರು ಬೇಡ. ಹಾಳೆ ಹರಿದು ಬೀಗ ಹಾಕಿದ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಮೊದಲ ಎರಡು ವಾರ ಪೆಟ್ಟಿಗೆಯಲ್ಲಿ ಬೀಡಿ ತುಂಡು ಸಿಕ್ಕಿತು! ಮೂರನೆಯ ವಾರದಿಂದ ಹಾಳೆಗಳು ಬಂದವು. ಒಂದು ಋತು ಮುಗಿಯುವಷ್ಟರಲ್ಲಿ ವಿಷಯ ಕಣ್ಣಿಗೆ ಕಟ್ಟುವಂತಿತ್ತು: ಸತ್ತವುಗಳಲ್ಲಿ ಬಹುಪಾಲು ರಾತ್ರಿಯಿಡೀ ಬಿಟ್ಟ ಬಲೆಗಳಿಂದ ಬಂದವು, ಅದೂ ನೀರಿನಡಿಯ ಒಂದೇ ದಿಬ್ಬದ ಸುತ್ತ. ಆಮೆಗೆ ಉಸಿರಾಡಲು ಮೇಲೆ ಬರಲೇಬೇಕು; ಬಲೆ ಬೇಗ ಎತ್ತಿದಷ್ಟೂ ಬದುಕುವ ಅವಕಾಶ ಹೆಚ್ಚು. ಆ ದಿಬ್ಬದ ಬಳಿ ರಾತ್ರಿ ಬಲೆ ಬಿಡಬಾರದೆಂದು ಸಭೆಯಲ್ಲಿ ಹೇಳಿದವರು ಅಧ್ಯಕ್ಷರಲ್ಲ, ಅಲ್ಲೇ ಅತಿ ಹೆಚ್ಚು ಬಲೆ ಬಿಡುತ್ತಿದ್ದ ಮುದುಕರು. ದಂಡ ಬಂದದ್ದು ಅದರ ಮರುವರ್ಷ, ಮೊತ್ತವನ್ನು ದೋಣಿಯವರೇ ಗೊತ್ತುಮಾಡಿದರು. ಮೊದಲ ತಪ್ಪಿಗೆ ಸಭೆಯಲ್ಲಿ ಎದ್ದು ನಿಂತು ಹೇಳಬೇಕು, ಅಷ್ಟೇ. ಅದಕ್ಕೇ ಹೆಚ್ಚು ಹೆದರುತ್ತಾರೆ.

ಒಬ್ಬ ತಾಂಡೇಲ (ದೋಣಿ ನಡೆಸುವವರು):

ನಿಯಮ ಏನೇ ಮಾಡಿ, ನಾಳೆಯಿಂದಲೇ ಕಲಿಸಬೇಕಾದದ್ದು ಒಂದಿದೆ. ಬಲೆಯಿಂದ ಬಿಡಿಸಿದ ಆಮೆ ಅಲುಗಾಡದಿದ್ದರೆ ಸತ್ತಿದೆ ಎಂದು ನೀರಿಗೆ ತಳ್ಳುತ್ತೇವೆ. ನಾನೂ ಎಷ್ಟೋ ವರ್ಷ ತಳ್ಳಿದ್ದೇನೆ. ಅವುಗಳಲ್ಲಿ ಕೆಲವು ಬರೀ ಮೂರ್ಛೆ ಹೋಗಿರುತ್ತವೆ, ನೀರಿಗೆ ಬಿದ್ದ ಮೇಲೆ ಮುಳುಗಿ ಸಾಯುತ್ತವೆ.

ಹೊಟ್ಟೆ ಕೆಳಗಾಗಿ ಮಲಗಿಸಿ. ಹಿಂಭಾಗದ ಕೆಳಗೆ ಹಳೆಯ ಟಯರನ್ನೋ ಸುರುಳಿ ಸುತ್ತಿದ ಹಗ್ಗವನ್ನೋ ಇಟ್ಟು ಕನಿಷ್ಠ 15 ಸೆಂಟಿಮೀಟರ್ ಎತ್ತರಿಸಿ. ಒಳಗಿನ ನೀರು ಬಾಯಿಯ ಕಡೆಗೆ ಇಳಿಯಬೇಕು. ಅಂಗಾತ ಹಾಕಿ ಎದೆ ಒತ್ತುವುದು, ನೀರಿನ ತೊಟ್ಟಿಗೆ ಬಿಡುವುದು ಎರಡೂ ತಪ್ಪು. ಚಿಪ್ಪಿನ ಮೇಲೆ ಒದ್ದೆ ಗೋಣಿ ಹಾಸಿ, ಮೂಗಿನ ಹೊಳ್ಳೆಗಳನ್ನು ಮುಚ್ಚಬೇಡಿ. ಆಗಾಗ ಕಣ್ಣಿನ ಪಕ್ಕ ಅಥವಾ ಬಾಲವನ್ನು ಮೆಲ್ಲಗೆ ಮುಟ್ಟಿ ನೋಡಿ. ನಾಲ್ಕು ಗಂಟೆಯಾದರೂ ಕಾಯಿರಿ, ಕೆಲವಕ್ಕೆ 24 ಗಂಟೆಯೂ ಬೇಕಾಗುತ್ತದೆ. ನನ್ನ ದೋಣಿಯಲ್ಲಿ ಒಂದು ಬೆಳಗ್ಗೆಯಿಂದ ಕಲ್ಲಿನಂತೆ ಬಿದ್ದಿತ್ತು, ಮಧ್ಯಾಹ್ನ ಊಟಕ್ಕೆ ಕುಳಿತಾಗ ಹಿಂದಿನಿಂದ ಉಸ್ಸೆಂದು ಉಸಿರು ಬಿಟ್ಟಿತು. ಅನ್ನದ ತಟ್ಟೆ ಕೈಯಿಂದ ಜಾರಿತು. ನೀರಿಗೆ ಬಿಡುವಾಗ ಎಂಜಿನ್ ನ್ಯೂಟ್ರಲ್‌ನಲ್ಲಿರಲಿ.

ಒಂದು ಎಚ್ಚರಿಕೆ: ದೋಣಿಯಲ್ಲಿ ಆಮೆ ಕಂಡರೆ ಅಪರಾಧವೆಂದೇ ಹಿಡಿಯುವ ಅಧಿಕಾರಿಗಳಿರಬಹುದು. ಆರೈಕೆಗಾಗಿ ಇಟ್ಟುಕೊಳ್ಳಲು ಇಲಾಖೆಯಿಂದ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.

ಮೂರು ದೋಣಿಗಳ ಮಾಲೀಕರು:

ಎಲ್ಲ ಸರಿ, ಖರ್ಚು ಯಾರ ತಲೆಗೆ? ಗಿಲ್‌ನೆಟ್‌ಗೆ ಸಿಕ್ಕಿ ಸಾಯುವ, ಡಾಲ್ಫಿನ್‌ನಂಥ ಪುಟ್ಟ ಕಡಲಹಂದಿ, ಮೆಕ್ಸಿಕೋದ ವಕೀಟಾದ ಕಥೆ ನೋಡಿ. 1997ರಲ್ಲಿ ಸುಮಾರು 567 ಇದ್ದವು, 2016ರಲ್ಲಿ ಸುಮಾರು 30, ಈಗ ಬೆರಳೆಣಿಕೆಯಷ್ಟು. ಅಲ್ಲಿ 2015ರಲ್ಲಿ ಗಿಲ್‌ನೆಟ್ ನಿಲ್ಲಿಸಿ ಪರಿಹಾರ ಕೊಟ್ಟರು, ಆದರೆ ಹಣ ಪರವಾನಗಿ ಇದ್ದವರ ಕೈ ಸೇರಿತು, ಬಲೆ ಎಳೆಯುವವರಿಗೆ ಸರಿಯಾಗಿ ಮುಟ್ಟಲಿಲ್ಲ ಎಂಬ ದೂರು ಉಳಿಯಿತು. ಟೊಟೊವಾಬಾ ಮೀನಿನ ಗಾಳಿಚೀಲಕ್ಕೆ ಕಳ್ಳಪೇಟೆಯಲ್ಲಿ ಭಾರಿ ಬೆಲೆ ಇರುವಾಗ ಹೊಟ್ಟೆಗಿಲ್ಲದವನು ರಾತ್ರಿ ಬಲೆ ಬಿಡದೆ ಇನ್ನೇನು ಮಾಡುತ್ತಾನೆ? ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ ಸಿಕ್ಕಾಗ ಬಲೆ ಕತ್ತರಿಸಿ ಬಿಡುವವರಿಗೆ ಬಲೆಯ ಪರಿಹಾರ ಕೊಡುತ್ತಾರೆ, ಸಾಕ್ಷಿಗೆ ಚಿತ್ರವನ್ನು ಮೀನುಗಾರರೇ ತೆಗೆಯುತ್ತಾರೆ. ಅಲ್ಲಿ ಕೆಲಸ ನಡೆಯಿತು.

ಇನ್ನೊಂದು ಮಾತು. ನಿಮ್ಮ 42 ದೋಣಿಗಳೂ ಅಂಥ ಒಂದು ಜಾಗ ಬಿಟ್ಟುಕೊಟ್ಟ ಮರುದಿನ ಹೊರಗಿನ ಟ್ರಾಲರ್ ಬಂದು ಅಲ್ಲೇ ಗುಡಿಸಿದರೆ? ಆಮೆ ತಪ್ಪಿಸಿಕೊಳ್ಳುವ ಸರಳುಗಳ ಕಿಂಡಿಯನ್ನು ಟ್ರಾಲ್ ಬಲೆಗೆ ಸರಿಯಾಗಿ ಹೊಲಿದರೆ ನೂರಕ್ಕೆ 97 ಆಮೆಗಳು ಹೊರಬೀಳುತ್ತವೆ, ಹೊಲಿದವರೇ ಅದನ್ನು ಕಟ್ಟಿ ಮುಚ್ಚಿದ್ದನ್ನೂ ನಾನು ನೋಡಿದ್ದೇನೆ. ಆ ಜಾಗದ ಮೇಲೆ ನಿಮ್ಮ ಸಂಘದ ಹಕ್ಕನ್ನು ಇಲಾಖೆ ಬರವಣಿಗೆಯಲ್ಲಿ ಒಪ್ಪುವವರೆಗೆ ನಾನಾದರೆ ಕೈ ಎತ್ತುವುದಿಲ್ಲ. ಚಿಲಿಯಲ್ಲಿ 1991ರ ಕಾನೂನಿನಿಂದ ಮೀನುಗಾರರ ಸಂಘಗಳಿಗೆ ಸಮುದ್ರತಳದ ಪ್ರದೇಶಗಳನ್ನೇ ವಹಿಸಿದರು. ಕಾಯುವವನಿಗೆ ತನ್ನದೆಂಬ ಭಾವ ಬೇಕು.

ಲಾಂಗ್‌ಲೈನ್‌ನಲ್ಲಿ (ಸಾಲಾಗಿ ಗಾಳ ಕಟ್ಟಿದ ಉದ್ದ ಹಗ್ಗ) ದುಡಿದವರು:

ಇಡೀ ಸಂಘಕ್ಕೆ ಒಂದೇ ಮಿತಿ ಹಾಕಿ ಸುಮ್ಮನಾಗಬೇಡಿ. ಹವಾಯಿಯಲ್ಲಿ ಕತ್ತಿಮೀನಿನ ದೋಣಿಗಳಿಗೆಲ್ಲ ಸೇರಿ ವರ್ಷಕ್ಕೆ 17 ಲಾಗರ್‌ಹೆಡ್ ಆಮೆ ಎಂಬ ಮಿತಿ ಇತ್ತು. 2006ರಲ್ಲಿ ಮಾರ್ಚ್‌ಗೇ ಅದು ತುಂಬಿ, ಉಳಿದ ವರ್ಷವೆಲ್ಲ ಬಂದ್. ಯಾರದೋ ಗಾಳಕ್ಕೆ ಸಿಕ್ಕ ಆಮೆಗೆ ಎಲ್ಲರೂ ದಡದಲ್ಲಿ. 2020ರಲ್ಲಿ ಒಂದೊಂದು ಪ್ರಯಾಣಕ್ಕೂ ಪ್ರತ್ಯೇಕ ಮಿತಿ ತಂದರು.

ಬಲೆಗೆ ದೀಪ ಕಟ್ಟಿ ನೋಡಿದವರು:

ಬಲೆಯ ಮೇಲ್ಹಗ್ಗಕ್ಕೆ ಹಸಿರು ಎಲ್‌ಇಡಿ ದೀಪ ಕಟ್ಟುವುದನ್ನು ಕರಡಿನಲ್ಲಿ ಸೇರಿಸಿ, ಕಡ್ಡಾಯ ಮಾಡಬೇಡಿ. ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೇಡದ ಜೀವಿಗಳ ಒಟ್ಟು ತೂಕ ಶೇ. 63ರಷ್ಟು ಇಳಿಯಿತು, ಶಾರ್ಕ್ ಮತ್ತು ಚಪ್ಪಟೆ ತೊರಕೆ ಮೀನುಗಳದ್ದು ಶೇ. 95. ಈ ಅಂಕಿಗಳನ್ನು ನಮ್ಮವರ ಮುಂದೆ ಓದಿದಾಗ ಯಾರೂ ತಲೆ ಎತ್ತಲಿಲ್ಲ. ಬಲೆ ಎಳೆದು ಬಿಡಿಸುವ ಸಮಯ ಶೇ. 57 ಕಡಿಮೆಯಾಯಿತು ಎಂದಾಗ ಹಿಂದಿನ ಸಾಲಿನಿಂದ ಒಬ್ಬರು ‘ದೀಪ ಎಲ್ಲಿ ಸಿಗುತ್ತದೆ’ ಎಂದರು. ಬ್ಯಾಟರಿ ಬದಲಾಯಿಸುವ ಹೊಣೆಯನ್ನು ಒಬ್ಬನ ಹೆಸರಿಗೇ ಬರೆದಿಡಿ, ಇಲ್ಲದಿದ್ದರೆ ಎರಡನೆಯ ತಿಂಗಳಿಗೆ ಬಲೆಯ ಮೇಲೆ ಬರೀ ಪ್ಲಾಸ್ಟಿಕ್ ಡಬ್ಬಿಗಳು ತೇಲುತ್ತವೆ.

ಕಾರ್ಯದರ್ಶಿಯ ಮರುಮಾತು:

ಸಭೆ ಮುಗಿಯಿತು. ದಂಡದ ಪುಟವನ್ನು ನಾನೇ ಹರಿದೆ. ಜಾಗದ ಹಕ್ಕಿಗೆ ಅರ್ಜಿ, ಆರೈಕೆಯ ಒಪ್ಪಿಗೆಗೆ ಇನ್ನೊಂದು ಅರ್ಜಿ ಹೊರಟಿವೆ. ಪುಸ್ತಕ ಹಂಚಿದ್ದೇವೆ. ನಾಲ್ಕನೆಯ ದಿನ ಒಂದು ಹಾಳೆ ಬಂದಿದೆ, ನೀರು ಬಿದ್ದು ಶಾಯಿ ಹರಡಿ ಆಳ ಎಷ್ಟೆಂದು ಓದಲಾಗುತ್ತಿಲ್ಲ. ಕೆಳಗಿನದು ಮಾತ್ರ ಸ್ಪಷ್ಟವಾಗಿದೆ: ‘ಎರಡು. ಒಂದು ಬದುಕಿತ್ತು.’ ಪ್ರತಿ ಪುಸ್ತಕಕ್ಕೂ ದಾರದಲ್ಲಿ ಪೆನ್ಸಿಲ್ ಕಟ್ಟಲು ಹೇಳಿದ್ದೇನೆ.