ಮೂರನೇ ಬ್ಯಾಟರಿಯೂ ಮಲಗಿತು: ದೊಡ್ಡ ಅಡ್ವೆಂಚರ್ ಬೈಕ್, 61,000 ಕಿ.ಮೀ., ಚಾರ್ಜಿಂಗ್ ತೊಂದರೆ

ಕುಂದಾಪುರ ಸವಾರ

ಎಲ್ಲರಿಗೂ ನಮಸ್ಕಾರ. ಬೈಕ್ ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಹೇಳಿದರೆ ಮಾತೆಲ್ಲ ಕಂಪನಿ ಜಗಳಕ್ಕೆ ತಿರುಗುತ್ತದೆ, ನನ್ನ ಬೈಕ್ ಶೆಡ್ಡಿನಲ್ಲೇ ಇರುತ್ತದೆ. 2018ರ ಮಾಡೆಲ್, 1000 ಸಿಸಿ ಆಸುಪಾಸು, ಎರಡು ಸಿಲಿಂಡರ್, ಚೈನ್ ಡ್ರೈವ್. ಹೊಸದೇ ತೆಗೆದುಕೊಂಡದ್ದು. ಇಂಜಿನ್ ಇವತ್ತಿಗೂ ಮೊದಲ ದಿನದ ಹಾಗೇ ಇದೆ. ಆಯಿಲ್ ಕುಡಿಯುವುದಿಲ್ಲ, ಹೊಗೆ ಇಲ್ಲ.

ತೊಂದರೆ ಇಷ್ಟೇ. ಎರಡು ವರ್ಷದಲ್ಲಿ ಮೂರು ಬ್ಯಾಟರಿ ಹೋದವು. ಶುರುವಿನಲ್ಲಿ ಬೆಳಿಗ್ಗೆ ಸೆಲ್ಫ್ ಹೊಡೆದರೆ ಮೀಟರಿನ ಗಡಿಯಾರ ಸೊನ್ನೆಗೆ ಹೋಗುತ್ತಿತ್ತು. ಆಮೇಲೆ ಎಬಿಎಸ್ ದೀಪ ಆರದೆ ಉಳಿಯಲು ಶುರುವಾಯಿತು. ಹೋದ ವಾರ ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ಚಾ ಕುಡಿಯಲು ನಿಲ್ಲಿಸಿದೆ. ವಾಪಸ್ ಬಂದು ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್ ಟಕ್. ಇಬ್ಬರು ಲಾರಿ ಡ್ರೈವರ್‌ಗಳು ಪಾಪ ನೂಕಿಯೂ ನೂಕಿದರು. ಊಹೂಂ. 230 ಕೆ.ಜಿ. ಬೈಕನ್ನು ಪಿಕಪ್ ಗಾಡಿಗೆ ಹಗ್ಗ ಬಿಗಿದು ಊರಿಗೆ ತಂದೆ.

ಸರ್ವಿಸ್ ಸೆಂಟರ್ ಇರುವುದು ಬೆಂಗಳೂರಿನಲ್ಲಿ, ನಮ್ಮಿಂದ 400 ಕಿ.ಮೀ. ಮೇಲೆ. ಫೋನಿನಲ್ಲೇ ತೀರ್ಮಾನ ಹೇಳಿದರು: ಸ್ಟೇಟರ್ (ಇಂಜಿನ್ ಒಳಗೆ ಕರೆಂಟ್ ಹುಟ್ಟಿಸುವ ಸುರುಳಿ), ಆರ್‌ಆರ್ ಯೂನಿಟ್ (ಆ ಕರೆಂಟನ್ನು ಬ್ಯಾಟರಿಗೆ ತಕ್ಕ ಹಾಗೆ ಮಾಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಎರಡೂ ಹಾಕಿಸಿ, 60 ಸಾವಿರದ ಹತ್ತಿರ ಆಗುತ್ತದೆ. ಬೈಕನ್ನೇ ನೋಡದೆ ಹೇಳಿದ್ದು ಇದು. ಹೊರಗಿನಿಂದ ಹಾಕಿಸಿದ್ದು ಎರಡು ಎಲ್‌ಇಡಿ ಲೈಟ್, ಮೊಬೈಲ್ ಚಾರ್ಜರ್, ಒಂದು ಜಿಪಿಎಸ್ ಟ್ರ್ಯಾಕರ್. 15 ಲಕ್ಷದ ಗಾಡಿ ಏಳು ಮಳೆಗಾಲಕ್ಕೇ ಹೀಗಾಗುವುದಾ ಮಾರಾಯ್ರೆ?

ಎರಡು ಪಾನಾ, ಹುಬ್ಬಳ್ಳಿ

ಮೊದಲು ಆ ಎಲ್‌ಇಡಿ ಲೈಟ್ ಬಿಚ್ಚಿ ಒಗೀರಿ ಅಣ್ಣಾ. ಬ್ಯಾಟರಿ ಕುಡಿಯುವುದು ಅವೇ.

ಮೀಟರ್ ಮೇಷ್ಟ್ರು, ಮೈಸೂರು

ಲೈಟ್ ಬಿಚ್ಚಬೇಡಿ, ಸ್ವಲ್ಪ ತಡೆಯಿರಿ. ಮೂರು ಬ್ಯಾಟರಿ ಸಾಲಾಗಿ ಹೋದವು ಎಂದರೆ ತಪ್ಪು ಬ್ಯಾಟರಿಯದ್ದಲ್ಲ. ಎತ್ತಿಗೆ ಮೇವು ಹಾಕದೆ ಎತ್ತನ್ನೇ ಬದಲಾಯಿಸುತ್ತಾ ಹೋದ ಹಾಗಾಯಿತು.

ಐದುನೂರು ರೂಪಾಯಿಯ ಒಂದು ಮಲ್ಟಿಮೀಟರ್ ಸಾಕು. ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜರ್‌ಗೆ ಹಾಕಿ, ಬೆಳಿಗ್ಗೆ ಚಾರ್ಜರ್ ತೆಗೆದು ಎರಡು ಗಂಟೆ ಬಿಟ್ಟು ನೋಡಿ. ಪೂರ್ತಿ ತುಂಬಿದ್ದರೆ 12.7 ವೋಲ್ಟ್ ಹತ್ತಿರ ಇರಬೇಕು. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ 5,000 ಆರ್‌ಪಿಎಂನಲ್ಲಿ ಬ್ಯಾಟರಿ ಟರ್ಮಿನಲ್ ಮೇಲೇ ಅಳೆಯಿರಿ. 13.8ರಿಂದ 14.5ರ ಒಳಗೆ ಬಂದರೆ ಸರಿ. 15 ದಾಟಿದರೆ ಆರ್‌ಆರ್ ಹುಚ್ಚು ಹಿಡಿದಿದೆ ಎಂದರ್ಥ, ತಕ್ಷಣ ಆಫ್ ಮಾಡಿ.

ಕಡಿಮೆ ಬಂದರೆ ಸ್ಟೇಟರ್ ನೋಡಬೇಕು. ಇಂಜಿನ್‌ನಿಂದ ಬರುವ ಮೂರು ವೈರಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ. ಬಹಳ ಬೈಕ್‌ಗಳಲ್ಲಿ ಮೂರೂ ಒಂದೇ ಬಣ್ಣ ಇರುತ್ತವೆ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, 5,000 ಆರ್‌ಪಿಎಂನಲ್ಲಿ ಎರಡೆರಡು ವೈರ್ ಸೇರಿಸಿ ಮೂರು ಸಲ ಅಳೆಯಿರಿ. ಬೈಕಿಗೊಂದು ಅಂಕಿ ಇರುತ್ತದೆ, 60–70 ವೋಲ್ಟ್ ಸಾಮಾನ್ಯ. ಅಂಕಿಗಿಂತ ಮುಖ್ಯ, ಮೂರೂ ಒಂದೇ ಸಮ ಇರಬೇಕು. ಬರಿ ಬೆರಳು ತಾಗಿಸಬೇಡಿ, ಶಾಕ್ ಹೊಡೆಯುತ್ತದೆ. ಇಂಜಿನ್ ಆಫ್ ಮಾಡಿ ಪ್ರತಿ ವೈರಿನಿಂದ ಚಾಸಿಗೆ ಓಮ್ ನೋಡಿ. ಬೀಪ್ ಬಂದರೆ ಸ್ಟೇಟರ್ ಸುಟ್ಟು ಅರ್ತ್ ಆಗಿದೆ.

ಕೊನೆಯದು, ಬೈಕ್ ನಿಂತಿರುವಾಗಿನ ಕರೆಂಟ್ ಕಳ್ಳತನ. ಕೀ ಆಫ್, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮಧ್ಯೆ ಮೀಟರನ್ನು ಆಂಪಿಯರ್‌ಗೆ ಇಟ್ಟು ಸೇರಿಸಿ. ಮೀಟರ್ ಮಧ್ಯೆ ಇರುವಾಗ ಕೀ ಆನ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಎರಡು ಮೂರು ಮಿಲಿ ಆಂಪಿಯರ್ ಇದ್ದರೆ ಚಿಂತೆ ಬೇಡ. ಎಲ್ಲ ಅಂಕಿ ಇಲ್ಲಿ ಹಾಕಿ.

ಕುಂದಾಪುರ ಸವಾರ

ಮೇಷ್ಟ್ರೇ, ಭಾನುವಾರ ಪೂರ್ತಿ ಇದರಲ್ಲೇ ಹೋಯಿತು. ಮಗಳು ಆರ್‌ಪಿಎಂ ಹಿಡಿದಳು, ನಾನು ಮೀಟರ್ ಹಿಡಿದೆ.

ಚಾರ್ಜ್ ಮಾಡಿ ಬಿಟ್ಟಾಗ 12.7. ಐಡಲ್‌ನಲ್ಲಿ 13.1. 5,000ದಲ್ಲಿ 12.9! ಎಲ್‌ಇಡಿ ಹಾಕಿದರೆ 12.6. ಸ್ಟೇಟರ್ 68, 69, 68. ಚಾಸಿಗೆ ಬೀಪ್ ಇಲ್ಲ. ಕೀ ಆಫ್ ಇದ್ದಾಗ 38 ಮಿಲಿ ಆಂಪಿಯರ್. ಟ್ರ್ಯಾಕರ್ ತೆಗೆದರೆ 2.

ಮೀಟರ್ ಮೇಷ್ಟ್ರು, ಮೈಸೂರು

ಒಂದು ಕಳ್ಳ ಸಿಕ್ಕಿದ. ಟ್ರ್ಯಾಕರ್ 36 ಮಿಲಿ ಆಂಪಿಯರ್ ಎಳೆಯುತ್ತಿದೆ. ದಿನಕ್ಕೆ ಸುಮಾರು 0.9 ಆಂಪಿಯರ್ ಅವರ್. ನಿಮ್ಮದು 12 ಆಂಪಿಯರ್ ಅವರ್ ಬ್ಯಾಟರಿ ಎಂದಿಟ್ಟುಕೊಳ್ಳಿ, ಎರಡು ವಾರ ನಿಂತರೆ ಖಾಲಿ. ಮಳೆಗಾಲದಲ್ಲಿ ಎಷ್ಟು ದಿನ ನಿಂತಿರುತ್ತದೆ ನೀವೇ ಲೆಕ್ಕ ಹಾಕಿ.

ಆದರೆ ಇವನು ಚಿಲ್ಲರೆ ಕಳ್ಳ. ಸಕಲೇಶಪುರದವರೆಗೆ ಓಡಿದ ಬೈಕ್ ಅಲ್ಲೇ ನಿಂತದ್ದಕ್ಕೆ ಟ್ರ್ಯಾಕರ್ ಕಾರಣ ಆಗುವುದಿಲ್ಲ. ಆರ್‌ಪಿಎಂ ಏರಿದಾಗ ವೋಲ್ಟೇಜ್ ಇಳಿಯುತ್ತಿದೆ, ಅದೇ ದೊಡ್ಡದು. ಸ್ಟೇಟರ್ ಸರಿ ಇದೆ. ಅಂದರೆ 60 ಸಾವಿರದಲ್ಲಿ ಅರ್ಧ ಉಳಿಯಿತು.

ಸಿಲ್ಕ್ ಬೋರ್ಡ್ ಸಂತ, ಬೆಂಗಳೂರು

ಸ್ಟೇಟರ್ ಓಕೆ ಅಂದ್ರೆ ಆರ್‌ಆರ್ ಹೋಗಿದೆ ಗುರು, ಇದರಲ್ಲಿ ಯೋಚನೆ ಏನಿದೆ? ಕಂಪನಿಯದು ಬೇಡ. ಶಿಂಡೆಂಗೆನ್ ಎಸ್‌ಎಚ್847 ಹಾಕಿಸಿ, ಸೀರೀಸ್ ಟೈಪ್. ನಾನು ಹಾಕಿ ನಾಲ್ಕು ವರ್ಷ ಆಯ್ತು, ತಿರುಗಿ ನೋಡಿಲ್ಲ.

ಎರಡು ಪಾನಾ, ಹುಬ್ಬಳ್ಳಿ

ಸೀರೀಸ್ ಅಂದರೆ ಏನ್ರಿ? ನಮಗೂ ತಿಳಿಯುವ ಹಾಗೆ ಹೇಳಿ.

ಮೀಟರ್ ಮೇಷ್ಟ್ರು, ಮೈಸೂರು

ಬೈಕಿನ ಸ್ಟೇಟರ್ ಸುತ್ತ ತಿರುಗುವುದು ಕಾಯಂ ಮ್ಯಾಗ್ನೆಟ್. ಕಾರಿನ ಆಲ್ಟರ್ನೇಟರ್ ಹಾಗೆ ಅದನ್ನು ತಗ್ಗಿಸಲು ಆಗುವುದಿಲ್ಲ. ಇಂಜಿನ್ ಎಷ್ಟು ತಿರುಗುತ್ತದೋ ಅಷ್ಟು ಕರೆಂಟ್ ಬಂದೇ ಬರುತ್ತದೆ. ಹೆಚ್ಚಾದದ್ದನ್ನು ಏನು ಮಾಡುವುದು? ಹಳೆಯ ಶಂಟ್ ಟೈಪ್ ಆರ್‌ಆರ್ ಆ ಕರೆಂಟನ್ನು ಅಲ್ಲೇ ಶಾರ್ಟ್ ಮಾಡಿ ಶಾಖವಾಗಿ ಸುಡುತ್ತದೆ. ಸ್ಟೇಟರ್ ಸದಾ ಪೂರ್ತಿ ಹೊರೆ ಹೊತ್ತು ದುಡಿಯುತ್ತಿರುತ್ತದೆ. ಸೀರೀಸ್ ಟೈಪ್ ಬೇಡವಾದಾಗ ದಾರಿಯನ್ನೇ ಕಡಿಯುತ್ತದೆ, ಸ್ಟೇಟರ್ ತಣ್ಣಗಿರುತ್ತದೆ. ಗದ್ದೆ ತುಂಬಿದ ಮೇಲೆ ನೀರನ್ನು ಪಕ್ಕದ ಹಳ್ಳಕ್ಕೆ ಬಿಡುವುದು ಒಂದು, ತೂಬನ್ನೇ ಮುಚ್ಚುವುದು ಇನ್ನೊಂದು.

ಅದಕ್ಕೇ ಲೈಟ್ ಬಿಚ್ಚಬೇಡಿ ಎಂದದ್ದು. ಶಂಟ್ ಇರುವ ಬೈಕಿನಲ್ಲಿ ಲೈಟ್ ತೆಗೆದರೆ ಸ್ಟೇಟರ್‌ಗೆ ಆರಾಮ ಸಿಗುವುದಿಲ್ಲ. ಲೈಟಿಗೆ ಹೋಗುತ್ತಿದ್ದ ಕರೆಂಟ್ ಆರ್‌ಆರ್ ಹೊಟ್ಟೆಯಲ್ಲಿ ಸುಡುತ್ತದೆ, ಅಷ್ಟೇ.

ಇರಲಿ. ಆರ್‌ಆರ್ ತರಿಸುವ ಮೊದಲು ಇನ್ನೊಂದೇ ಪರೀಕ್ಷೆ ಮಾಡಿ. ವೋಲ್ಟೇಜ್ ಡ್ರಾಪ್, ಅಂದರೆ ವೈರಿನ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಎಂಬುದು. ಇದನ್ನು ಯಾರೂ ಮಾಡುವುದಿಲ್ಲ. 5,000ದಲ್ಲಿ ಆರ್‌ಆರ್‌ನಿಂದ ಹೊರಬರುವ ಪ್ಲಸ್, ಮೈನಸ್ ಮೇಲೇ ಅಳೆಯಿರಿ. ಆಮೇಲೆ ಮೀಟರಿನ ಒಂದು ವೈರಿನ ತುದಿ ಆರ್‌ಆರ್ ಪ್ಲಸ್‌ಗೆ, ಇನ್ನೊಂದು ಬ್ಯಾಟರಿ ಪ್ಲಸ್‌ಗೆ. ಹಾಗೇ ಮೈನಸ್‌ನಿಂದ ಮೈನಸ್‌ಗೆ. 0.2 ಒಳಗಿರಬೇಕು.

ಕುಂದಾಪುರ ಸವಾರ

ಮೇಷ್ಟ್ರೇ, ಕಾಲು ಎಲ್ಲಿದೆ ತೋರಿಸಿ, ಮುಟ್ಟಿ ನಮಸ್ಕಾರ ಮಾಡುತ್ತೇನೆ.

ಆರ್‌ಆರ್ ಮೇಲೆ 14.3. ಪ್ಲಸ್ ದಾರಿಯಲ್ಲಿ ಹೋದದ್ದು 0.15. ಮೈನಸ್ ದಾರಿಯಲ್ಲಿ 1.2!

ವೈರ್ ಹಿಡಿದು ಹಿಂದೆ ಹಿಂದೆ ಹೋದೆ. ಹಿಂದಿನ ಮಡ್‌ಗಾರ್ಡ್ ಒಳಗೆ, ಸರಿಯಾಗಿ ಟೈರ್ ನೀರು ಎರಚುವ ಜಾಗದಲ್ಲಿ ಒಂದು ಕಪ್ಲರ್. ಹೊರಗಿನಿಂದ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಬಿಚ್ಚಲು ಬರಲಿಲ್ಲ, ಅರ್ಧ ಕರಗಿ ಅಂಟಿಕೊಂಡಿತ್ತು. ಕತ್ತರಿಸಿ ನೋಡಿದರೆ ಒಳಗೆಲ್ಲ ಹಸಿರು ಕಿಲುಬು. ಅಜ್ಜಿಯ ಹಳೆ ತಾಮ್ರದ ಹಂಡೆ ನೆನಪಾಯಿತು. ವೈರಿನ ಪ್ಲಾಸ್ಟಿಕ್ ಸುಲಿದರೆ ನಾಲ್ಕು ಇಂಚಿನವರೆಗೆ ತಾಮ್ರ ಕಪ್ಪು ಕಪ್ಪು. ರಬ್ಬರ್ ಸೀಲ್ ಇಲ್ಲದ ಸಾದಾ ಕಪ್ಲರ್ ಅದು. ಹೆಡ್‌ಲೈಟಿಗೆ ಹೋಗುವ ಕಪ್ಲರ್‌ಗೆ ಸೀಲ್ ಇದೆ, ಮೈಯ ರಕ್ತವೆಲ್ಲ ಹರಿಯುವ ಇದಕ್ಕೆ ಇಲ್ಲ!

ಮೀಟರ್ ಮೇಷ್ಟ್ರು, ಮೈಸೂರು

20 ಆಂಪಿಯರ್ ಹರಿಯುವಾಗ 1.2 ವೋಲ್ಟ್ ಎಂದರೆ 24 ವ್ಯಾಟ್. ಮೊಬೈಲ್ ಅಂಗಡಿಯವರ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟ್ ಇರುತ್ತದೆ. ಅಂಥದ್ದೊಂದನ್ನು ಆ ಕಪ್ಲರ್ ಒಳಗೆ ಇಟ್ಟು ಎರಡು ವರ್ಷ ಓಡಿಸಿದ್ದೀರಿ.

ಕಪ್ಪಾದ ವೈರನ್ನು ಪೂರ್ತಿ ಕತ್ತರಿಸಿ ತೆಗೆಯಿರಿ, ಹೊಳೆಯುವ ತಾಮ್ರ ಕಾಣುವವರೆಗೆ. ಹಳೆಯದಕ್ಕಿಂತ ದಪ್ಪ ವೈರ್ ತೆಗೆದುಕೊಳ್ಳಿ. ಆರ್‌ಆರ್ ಮೈನಸ್‌ನಿಂದ ಸೀದಾ ಬ್ಯಾಟರಿ ನೆಗೆಟಿವ್‌ಗೆ ಎಳೆಯಿರಿ, ಮಧ್ಯೆ ಚಾಸಿ ಬೇಡ. ಒಳ್ಳೆಯ ಪ್ಲಯರ್‌ನಿಂದ ಕ್ರಿಂಪ್ ಮಾಡಿ (ಒತ್ತಿ ಬಿಗಿಮಾಡಿ), ಗೋಂದು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಕೂರುವ ಕೊಳವೆ) ಹಾಕಿ. ಬರೀ ಬೆಸುಗೆ ಬೇಡ. ಬೆಸುಗೆ ಹಾಕಿದ ವೈರ್ ಗಟ್ಟಿಯಾಗಿ, ನಡುಕಕ್ಕೆ ಅದರ ಅಂಚಿನಲ್ಲೇ ತುಂಡಾಗುತ್ತದೆ. ಸ್ಟೇಟರ್ ಕಡೆಯ ಕಪ್ಲರನ್ನೂ ಸೀಲ್ ಇರುವುದಕ್ಕೆ ಬದಲಿಸಿ. ಕ್ಲೀನರ್ ಹೊಡೆದು, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ (ನೀರು ಒಳಗೆ ಸೇರದಂತೆ ತಡೆಯುವ ಗ್ರೀಸ್) ತುಂಬಿ.

ಸಿಲ್ಕ್ ಬೋರ್ಡ್ ಸಂತ, ಬೆಂಗಳೂರು

ಸರಿ ಸೋತೆ ಮೇಷ್ಟ್ರೇ. ನನ್ನ ಆರ್‌ಆರ್ ಕೂಡ ಸುಮ್ನೆ ಬದಲಿಸಿದೆನಾ ಅಂತ ಈಗ ಹೊಟ್ಟೆ ಉರಿಯುತ್ತಿದೆ. ಹಳೆಯದು ಗ್ಯಾರೇಜಿನಲ್ಲೇ ಇದೆ, ನಾಳೆ ಚೆಕ್ ಮಾಡುತ್ತೇನೆ.

ಲೀಡ್ಸ್ ಕನ್ನಡಿಗ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಸಮುದ್ರ ದೂರ ಇದ್ದರೂ ನಮ್ಮ ಪಾಡು ಕುಂದಾಪುರದವರ ಹಾಗೇ. ಚಳಿಗಾಲದಲ್ಲಿ ಮಂಜು ಕಟ್ಟಬಾರದೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಒಂದು ಚಳಿಗಾಲ ಓಡಿಸಿದರೆ ಬೋಲ್ಟ್ ತಲೆಗಳೆಲ್ಲ ಕೆಂಪು. ಇಲ್ಲಿಯವರು ಬೈಕ್ ತೊಳೆದು ಒಣಗಿಸಿ, ಚಳಿ ಶುರುವಾಗುವ ಮೊದಲೇ ಎಸಿಎಫ್-50 ಎಂಬ ತುಕ್ಕು ತಡೆಯುವ ಸ್ಪ್ರೇ ಹೊಡೆಯುತ್ತಾರೆ. ಬ್ರೇಕ್ ಡಿಸ್ಕ್, ಟೈರ್ ಬಿಟ್ಟು ಎಲ್ಲ ಕಡೆ. ಡಬ್ಲ್ಯುಡಿ-40 ಅಷ್ಟು ದಿನ ನಿಲ್ಲುವುದಿಲ್ಲ.

ದೊಡ್ಡ ಅಡ್ವೆಂಚರ್ ಬೈಕ್‌ಗಳಲ್ಲಿ ಇಂಜಿನ್ ಸತ್ತದ್ದು ನಾನು ಕಂಡದ್ದು ಕಡಿಮೆ. ಡುಕಾಟಿ ಮಲ್ಟಿಸ್ಟ್ರಾಡಾ ವಿ4ಗೆ ವಾಲ್ವ್ ಚೆಕ್ ಮಾಡಬೇಕಾದದ್ದೇ 60,000 ಕಿ.ಮೀ.ಗೆ. ಡುಕಾಟಿ ಎಂದರೆ ವಾಲ್ವ್ ಖರ್ಚು ಎಂದು ಹೆದರುತ್ತಿದ್ದ ಕಾಲವೂ ಇತ್ತು, ಅಲ್ವಾ? ತೊಂದರೆ ಕೊಡುವುದು ಇಂಜಿನ್ ಸುತ್ತ ಇರುವ ಸಾಮಾನು. ಬಿಎಂಡಬ್ಲ್ಯು ಜಿಎಸ್‌ನ ಶಾಫ್ಟ್ ನೋಡಿ, ಚೈನ್ ಬದಲು ಹಿಂದಿನ ಚಕ್ರ ತಿರುಗಿಸುವ ದಂಡ. ಚೈನ್ ಇಲ್ಲ, ಎಣ್ಣೆ ಹಚ್ಚುವ ಗೋಳಿಲ್ಲ ಎಂದು ಜನ ಮುಗಿಬಿದ್ದು ತೆಗೆದುಕೊಂಡರು. ಒಳಗೆ ನೀರು ಸೇರಿ ಜಾಯಿಂಟ್ ತುಕ್ಕು ಹಿಡಿಯುವ ಗೋಳು ಆಮೇಲೆ ಗೊತ್ತಾಯಿತು. ಕೊನೆಗೆ ಕಂಪನಿಯೇ 60,000 ಕಿ.ಮೀ.ಗೆ ಶಾಫ್ಟ್ ಬದಲಿಸಬೇಕೆಂದು ಸರ್ವಿಸ್ ಪಟ್ಟಿಗೆ ಸೇರಿಸಿತು. 2017ರಲ್ಲಿ ಆರ್ 1200 ಜಿಎಸ್‌ನ ಮುಂದಿನ ಫೋರ್ಕ್ ಟ್ಯೂಬ್ ನೋಡಲು ಬೈಕ್‌ಗಳನ್ನು ವಾಪಸ್ ಕರೆಸಿದ್ದೂ ಇದೆ. ಹೋಂಡಾ ಎಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು ಎನ್ನುತ್ತಾರೆ. ಮೊದಲ ಆಫ್ರಿಕಾ ಟ್ವಿನ್ 1000ದ ಸ್ಪೋಕ್‌ಗೆ ತುಕ್ಕು ಬರುತ್ತದೆ ಎಂದು ಇಲ್ಲಿನ ಓನರ್‌ಗಳು ಎಷ್ಟು ಬೈದಿದ್ದಾರೆ ಗೊತ್ತಾ?

ಎರಡು ಪಾನಾ, ಹುಬ್ಬಳ್ಳಿ

ಹಾಗಾದರೆ ಹಳೆ ಬೈಕ್ ತೆಗೆದುಕೊಳ್ಳುವಾಗ ಕಿ.ಮೀ. ನೋಡಬೇಕೋ, ಊರು ನೋಡಬೇಕೋ? ನಾನು ಈಗ ಒಂದು ನೋಡುತ್ತಿದ್ದೇನೆ. 18,000 ಓಡಿದೆ ಅಷ್ಟೇ, ಆದರೆ ಮಂಗಳೂರು ಗಾಡಿ.

ಮೀಟರ್ ಮೇಷ್ಟ್ರು, ಮೈಸೂರು

ನಾನಾಗಿದ್ದರೆ ಊರು ನೋಡುತ್ತೇನೆ. ಬಳ್ಳಾರಿಯಲ್ಲಿ 70,000 ಓಡಿದ ಬೈಕಿಗೂ, ಕಡಲ ಬದಿ ಕವರ್ ಹೊದಿಸಿ ನಿಲ್ಲಿಸಿದ 18,000ದ ಬೈಕಿಗೂ ನನ್ನ ಓಟು ಬಳ್ಳಾರಿಗೆ. ಕವರ್ ಒಳಗೆ ಹಸಿ ಹಿಡಿಯುತ್ತದೆ, ಗಾಳಿ ಆಡುವುದಿಲ್ಲ. ಮಂಗಳೂರು ಗಾಡಿ ಬಿಟ್ಟೇಬಿಡಿ ಎಂದಲ್ಲ. ಸೀಟ್ ಎತ್ತಿ, ಕೈಗೆ ಸಿಗುವ ಎರಡು ಕಪ್ಲರ್ ಬಿಚ್ಚಿ ನೋಡಿ. ಸ್ಪೋಕ್ ಬುಡ, ಫೋರ್ಕ್ ಪೈಪಿನ ಕೆಳಭಾಗ, ರೇಡಿಯೇಟರ್ ಮೂಲೆ, ಸೆಂಟರ್ ಸ್ಟ್ಯಾಂಡಿನ ಸ್ಪ್ರಿಂಗ್ ನೋಡಿ. ಬಿಚ್ಚಲು ಓನರ್ ಬಿಡದಿದ್ದರೆ ಚಾ ಕುಡಿದು ವಾಪಸ್ ಬನ್ನಿ.

ಕುಂದಾಪುರ ಸವಾರ

ನಮ್ಮ ಊರಿನ ಗಾಡಿಯನ್ನು ಹೀಗೆ ಬೈದರೆ ಬೇಜಾರಾಗುತ್ತದೆ ಮೇಷ್ಟ್ರೇ. ನಿಜ ಎನ್ನುವುದೇ ಹೆಚ್ಚು ಬೇಜಾರು.

ಕೆಲಸ ಮುಗಿಯಿತು. ಇಲ್ಲಿನ ದೋಣಿ ಇಂಜಿನ್ ರಿಪೇರಿ ಮಾಡುವವರೊಬ್ಬರು ಕ್ರಿಂಪ್ ಮಾಡಿಕೊಟ್ಟರು. ಅವರಿಗೆ ಉಪ್ಪು ನೀರಿನ ಕಿಲುಬು ದಿನದ ಪಾಡು. ಕಪ್ಲರ್ ನೋಡಿದ ತಕ್ಷಣ ನಕ್ಕರು. ವೈರ್, ಎರಡು ಸೀಲ್ ಕಪ್ಲರ್, ಗ್ರೀಸ್, ಕೂಲಿ ಸೇರಿ 1,150 ರೂಪಾಯಿ. ಕಪ್ಲರನ್ನು ಮಡ್‌ಗಾರ್ಡ್‌ನಿಂದ ತೆಗೆದು ಸೀಟಿನ ಕೆಳಗೆ ತಂದೆವು. ಟ್ರ್ಯಾಕರನ್ನು ಸ್ವಿಚ್ ಮೇಲೆ ಹಾಕಿದೆ. ಈಗ 5,000ದಲ್ಲಿ ಬ್ಯಾಟರಿ ಮೇಲೆ 14.2. ಎಲ್‌ಇಡಿ ಹಾಕಿದರೆ 14.0.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ಪ್ರತಿ ಮಳೆಗಾಲ ಮುಗಿದಾಗ ವಾಟರ್ ಸರ್ವಿಸಿಗೆ ಬಿಟ್ಟು, "ಮಡ್‌ಗಾರ್ಡ್ ಒಳಗೆ ಚೆನ್ನಾಗಿ ಹೊಡೆಯಿರಿ, ಕೆಸರು ಹೋಗಲಿ" ಎನ್ನುತ್ತಿದ್ದವನು ನಾನೇ. ಆ ಪ್ರೆಶರ್ ನೀರು ಸೀದಾ ಕಪ್ಲರ್ ಒಳಗೆ ಹೋಗಿದೆ. ಈಗ ಮನೆಯಲ್ಲೇ ಬಕೆಟ್, ಬಟ್ಟೆ.

ಸಿಲ್ಕ್ ಬೋರ್ಡ್ ಸಂತ, ಬೆಂಗಳೂರು

ನನ್ನ ಹಳೆ ಆರ್‌ಆರ್ ಟೆಸ್ಟ್ ಮಾಡಿದೆ. ಚೆನ್ನಾಗಿಯೇ ಇದೆ. ಯಾರಿಗಾದರೂ ಬೇಕಾ?

ಕುಂದಾಪುರ ಸವಾರ, ನಾಲ್ಕು ತಿಂಗಳ ನಂತರ

ಈ ಮಳೆಗಾಲ ದಾಟಿತು. ಆಗುಂಬೆ ಎರಡು ಸಲ, ಚಾರ್ಮಾಡಿ ಒಂದು ಸಲ, ಪೂರ್ತಿ ನೆನೆದುಕೊಂಡು. ಹ್ಯಾಂಡಲ್ ಮೇಲೆ ಒಂದು ಸಣ್ಣ ವೋಲ್ಟ್ ಮೀಟರ್ ಹಾಕಿಸಿದ್ದೇನೆ, ಸ್ಪೀಡೋಗಿಂತ ಅದನ್ನೇ ಜಾಸ್ತಿ ನೋಡುತ್ತೇನೆ. 14ರ ಕೆಳಗೆ ಇಳಿದಿಲ್ಲ. ಮೂರನೇ ಬ್ಯಾಟರಿಗೆ ಮಾತ್ರ ಜೀವ ಬರಲಿಲ್ಲ. ಅರೆಹೊಟ್ಟೆಯಲ್ಲಿ ಬಹಳ ದಿನ ಇದ್ದದ್ದರಿಂದ ಚಾರ್ಜ್ ಹಿಡಿಯಲಿಲ್ಲ, ನಾಲ್ಕನೆಯದು ತಂದೆ. ಎಬಿಎಸ್ ದೀಪ ತಾನಾಗಿಯೇ ಸುಮ್ಮನಾಯಿತು.

ಮೊನ್ನೆ ತೊಳೆಯುವಾಗ ಹಿಂದಿನ ಚಕ್ರದ ಮೂರು ಸ್ಪೋಕ್ ಬುಡದಲ್ಲಿ ಕೆಂಪು ಪುಡಿ ಕಂಡಿತು. ಉಗುರಿನಿಂದ ಕೆರೆದರೆ ಹೋಗುತ್ತದೆ, ಒಳಗೆ ಗುಳಿ ಬಿದ್ದಿಲ್ಲ. ಮೇಷ್ಟ್ರೇ, ಇದನ್ನು ಬ್ರಷ್ ಹಾಕಿ ಎಣ್ಣೆ ಹಚ್ಚಿದರೆ ಸಾಕಾ, ಈಗಲೇ ಬದಲಿಸಬೇಕಾ?

ಮೀಟರ್ ಮೇಷ್ಟ್ರು, ಮೈಸೂರು

ಗುಳಿ ಇಲ್ಲದಿದ್ದರೆ ಬದಲಿಸಬೇಡಿ. ಹಿತ್ತಾಳೆ ಬ್ರಷ್ ಹಾಕಿ, ಕಬ್ಬಿಣದ್ದು ಬೇಡ. ಒಣಗಿಸಿ, ಲೀಡ್ಸ್‌ನವರು ಹೇಳಿದ ಸ್ಪ್ರೇಯನ್ನು ಬಟ್ಟೆಗೆ ಹೊಡೆದುಕೊಂಡು ಒರೆಸಿ, ಸೀದಾ ಚಕ್ರಕ್ಕೆ ಹೊಡೆದರೆ ಡಿಸ್ಕ್ ಮೇಲೆ ಬೀಳುತ್ತದೆ. ಆಮೇಲೆ ಸ್ಪ್ಯಾನರ್‌ನಿಂದ ಸ್ಪೋಕ್‌ಗಳನ್ನು ಒಂದೊಂದಾಗಿ ತಟ್ಟಿ ಕೇಳಿ. ಎಲ್ಲ ಟಿಂಗ್ ಎನ್ನಬೇಕು. ಯಾವುದಾದರೂ ಡಬ್ ಎಂದರೆ ಬರೆಯಿರಿ.