ದಿನಕ್ಕೆ ಒಂದೂವರೆ ಜಿಬಿ ಸಾಲುತ್ತಿಲ್ಲ, ಪ್ಲಾನ್ ಏರಿಸಬೇಕಾ?

ಪ್ರಶ್ನೆ, ಮೂಡಿಗೆರೆಯಿಂದ

ನಮ್ಮದು ತೋಟದ ಮನೆ. ಅಪ್ಪನ ಆಂಡ್ರಾಯ್ಡ್ ಫೋನಿಗೆ ದಿನಕ್ಕೆ 1.5 ಜಿಬಿಯ 28 ದಿನದ ಪ್ಲಾನ್ ಇದೆ. ಕೆಲವು ದಿನ ಮಧ್ಯಾಹ್ನಕ್ಕೇ ಖಾಲಿ, ಕೆಲವು ದಿನ ಅರ್ಧವೂ ಮುಗಿಯುವುದಿಲ್ಲ. ಅವರು ನೋಡುವುದು ಯೂಟ್ಯೂಬಿನಲ್ಲಿ ಸುದ್ದಿ, ಯಕ್ಷಗಾನ, ಬಿಟ್ಟರೆ ವಾಟ್ಸಾಪ್. ಮನೆಯಲ್ಲಿ ವೈಫೈ ಇದೆ. ಅಮ್ಮ ಇಂಟರ್ನೆಟ್ ಮುಟ್ಟುವುದೇ ಇಲ್ಲ, ಆದರೂ ಅದೇ ಪ್ಲಾನ್. 2.5 ಜಿಬಿಗೆ ಏರಿಸಬೇಕಾ? ತಿಳಿದವರು ಹೇಳಿ.

ಹಾಸನದಿಂದ

ಅಳೆಯದೆ ಏರಿಸಬೇಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗದೊಳಗೆ ‘ಡೇಟಾ ಬಳಕೆ’ ತೆರೆಯಿರಿ; ಸ್ಯಾಮ್‌ಸಂಗ್ ಆದರೆ ‘ಕನೆಕ್ಷನ್ಸ್’ ಒಳಗಿರುತ್ತದೆ. ಯಾವ ಆ್ಯಪ್ ಎಷ್ಟು ತಿಂದಿದೆ ಎಂಬ ಪಟ್ಟಿ ಸಿಗುತ್ತದೆ. ಅದು ತಿಂಗಳ ಲೆಕ್ಕ, ನಿಮ್ಮ ರೀಚಾರ್ಜ್ 28 ದಿನದ್ದು, ಎರಡೂ ತಾಳೆಯಾಗುವುದಿಲ್ಲ. ಹಾಗಾಗಿ ಒಂದು ವಾರ ದಿನಾ ಮಲಗುವ ಮುಂಚೆ ಒಟ್ಟು ಅಂಕಿ ಬರೆದಿಟ್ಟು, ಹಿಂದಿನ ದಿನದ್ದನ್ನು ಕಳೆಯಿರಿ. ಆ್ಯಪ್ ಹೆಸರು ಒತ್ತಿದರೆ ತೆರೆದಿದ್ದಾಗ ಎಷ್ಟು, ಹಿನ್ನೆಲೆಯಲ್ಲಿ ಎಷ್ಟು ಎಂದು ಬೇರೆಬೇರೆ ಕಾಣುತ್ತದೆ. ಆ ಎರಡನೆಯ ಅಂಕಿ ಜಾಸ್ತಿ ಇದ್ದರೆ ಅಪ್ಪ ನೋಡಿದ್ದಕ್ಕೆ ಖಾಲಿಯಾಗಿದ್ದಲ್ಲ.

ಇನ್ನು ಯೂಟ್ಯೂಬ್. 360ಪಿಯಲ್ಲಿ (ಪಿ ಅಂಕಿ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ) ಗಂಟೆಗೆ ಸುಮಾರು 300 ಎಂಬಿ, 480ಪಿಯಲ್ಲಿ 500ರ ಆಸುಪಾಸು, 720ಪಿಗೆ ಹೋದರೆ 1ರಿಂದ 1.5 ಜಿಬಿ. ಮೂರು ಗಂಟೆಯ ಯಕ್ಷಗಾನ ಪ್ರಸಂಗ 720ಪಿಯಲ್ಲಿ ಓಡಿದರೆ ಕಡಿಮೆಯೆಂದರೂ 3 ಜಿಬಿ ಬೇಕು, 2.5 ಜಿಬಿ ಪ್ಲಾನ್ ಕೂಡ ಸಾಲದು. ಅದೇ 360ಪಿಯಲ್ಲಿ 900 ಎಂಬಿಗೆ ಮುಗಿಯುತ್ತದೆ, ಭಾಗವತರ ಹಾಡಿಗೆ ಏನೂ ಕೊರತೆಯಾಗುವುದಿಲ್ಲ. ಯೂಟ್ಯೂಬ್ ಸೆಟ್ಟಿಂಗ್ಸ್‌ನ ವಿಡಿಯೋ ಗುಣಮಟ್ಟದಲ್ಲಿ ಮೊಬೈಲ್ ನೆಟ್‌ವರ್ಕಿಗೆ ‘ಡೇಟಾ ಸೇವರ್’ ಆರಿಸಿ. ‘ಆಟೊ’ ಅಂತ ಬಿಟ್ಟರೆ ಸಿಗ್ನಲ್ ಚೆನ್ನಾಗಿದ್ದಷ್ಟೂ ಗುಣಮಟ್ಟ ಏರುತ್ತಾ ಹೋಗುತ್ತದೆ.

ವಾಟ್ಸಾಪ್ ಮಾತಿನ ಕರೆಗೆ ನಿಮಿಷಕ್ಕೆ 1 ಎಂಬಿಗಿಂತ ಕಡಿಮೆ, ವಿಡಿಯೋ ಕರೆಗೆ 5 ಎಂಬಿ ಹತ್ತಿರ. ಯುಪಿಐ ಪಾವತಿ ಲೆಕ್ಕಕ್ಕೇ ಬರುವುದಿಲ್ಲ.

ಸಕಲೇಶಪುರದಿಂದ

‘ಕೆಲವು ದಿನ ಮಾತ್ರ’ ಅಂದಿದ್ದೀರಲ್ಲ, ಆ ದಿನಗಳಲ್ಲಿ ಕರೆಂಟ್ ಹೋಗಿತ್ತಾ ನೋಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಇದೇ ದೊಡ್ಡ ಕಾರಣ. ಕರೆಂಟ್ ಹೋದರೆ ವೈಫೈ ನಿಲ್ಲುತ್ತದೆ, ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹೊರಳುತ್ತದೆ. ವೈಫೈಯಲ್ಲಿ ಅರ್ಧವಾಗಿದ್ದ ಕೆಲಸವೆಲ್ಲ, ತಡೆ ಹಾಕದಿದ್ದರೆ, ಅಲ್ಲೇ ಮುಂದುವರಿಯುತ್ತದೆ. ಫುಲ್ ಎಚ್‌ಡಿಯಲ್ಲಿ ತೆಗೆದ ಒಂದು ನಿಮಿಷದ ವಿಡಿಯೋ ಸಾಮಾನ್ಯವಾಗಿ 100 ಎಂಬಿ ಆಸುಪಾಸು ಇರುತ್ತದೆ. ಅಂಥ ಹತ್ತು ವಿಡಿಯೋ ಬ್ಯಾಕಪ್ ಆದರೆ, ಅಂದರೆ ನಕಲು ಇಂಟರ್ನೆಟ್‌ಗೆ ಏರಿದರೆ, 1 ಜಿಬಿ ಹೋಯಿತು.

ನಾಲ್ಕು ಕಡೆ ಬಾಗಿಲು ಹಾಕಿ. ಗೂಗಲ್ ಫೋಟೋಸ್‌ನ ಬ್ಯಾಕಪ್‌ಗೆ ಮೊಬೈಲ್ ಡೇಟಾ ಕೊಡಬೇಡಿ. ಪ್ಲೇ ಸ್ಟೋರಿನಲ್ಲಿ ಅಪ್‌ಡೇಟ್ ‘ವೈಫೈ ಇದ್ದಾಗ ಮಾತ್ರ’ ಎಂದಿರಲಿ. ವಾಟ್ಸಾಪ್‌ನ ‘ಸ್ಟೋರೇಜ್ ಮತ್ತು ಡೇಟಾ’ದಲ್ಲಿ ಮೊಬೈಲ್ ಡೇಟಾ ಬಳಸುವಾಗಿನ ಆಟೋ ಡೌನ್‌ಲೋಡ್‌ನ ಎಲ್ಲ ಟಿಕ್ ತೆಗೆಯಿರಿ, ಬೆಳೆಗಾರರ ಗುಂಪು, ನೆಂಟರ ಗುಂಪುಗಳಿಂದ ಬರುವ ವಿಡಿಯೋ ತಾನಾಗಿ ಇಳಿಯುವುದು ನಿಲ್ಲುತ್ತದೆ. ನಾಲ್ಕನೆಯದು ವಾಟ್ಸಾಪ್ ಚಾಟ್ ಬ್ಯಾಕಪ್, ಅದಕ್ಕೂ ಮೊಬೈಲ್ ಡೇಟಾ ಕೊಡಬೇಡಿ; ಅದರ ಸೆಟ್ಟಿಂಗ್ ಇರುವುದು ಬೇರೆ ಜಾಗದಲ್ಲಿ, ಮರೆಯುವವರೇ ಹೆಚ್ಚು.

ವೈಫೈ ಕೊಡುವ ರೂಟರಿಗೆ ಸಣ್ಣ ಯುಪಿಎಸ್ (ಕರೆಂಟ್ ಹೋದಾಗ ಅದನ್ನು ನಡೆಸುವ ಬ್ಯಾಟರಿ) ಸಿಗುತ್ತದೆ. ಕೊಳ್ಳುವ ಮುಂಚೆ ರೂಟರ್ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಬಹಳಷ್ಟಕ್ಕೆ 12 ವೋಲ್ಟ್. ಫೈಬರ್ ಪೆಟ್ಟಿಗೆ, ರೂಟರ್ ಬೇರೆಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕು.

ಮೂಡಿಗೆರೆ, ಪ್ರಶ್ನೆ ಕೇಳಿದವರು

ನೋಡಿದೆ ಸರ್. ಫೋಟೋಸ್ ಆ್ಯಪ್ ಮೇಲ್ಗಡೆಯೇ ಇದೆ, ಬಹುಪಾಲು ಹಿನ್ನೆಲೆಯದ್ದೇ. ಹಾಗಾದರೆ ದಿನದ ಮಿತಿಯ ಬದಲು ಒಟ್ಟಿಗೆ ಡೇಟಾ ಕೊಡುವ ಪ್ಲಾನ್ ಒಳ್ಳೆಯದಾ?

ಬೇಲೂರಿನಿಂದ

ಬಳಕೆ ಏರುಪೇರಾಗಿದ್ದರೆ ಒಟ್ಟಿಗೆ ಕೊಡುವುದೇ ಉಳಿತಾಯ. 28 ದಿನಕ್ಕೆ 42 ಜಿಬಿ ಎಂದು ಕಂಡರೂ ಅವತ್ತಿನದು ಅವತ್ತೇ ಮುಗಿಯಬೇಕು, ಉಳಿದದ್ದು ನಾಳೆಗೆ ಬರುವುದಿಲ್ಲ. ದಿನಕ್ಕೆ 700 ಎಂಬಿ ಬಳಸುವವರಿಗೆ 28 ದಿನಕ್ಕೆ 20 ಜಿಬಿ ಸಾಕು.

ಹಾಸನದಿಂದ

ಇದನ್ನು ಪೂರ್ತಿ ಒಪ್ಪುವುದಿಲ್ಲ. ವಯಸ್ಸಾದವರ ಫೋನಿಗೆ ದಿನದ ಮಿತಿ ಒಂದು ಕಾವಲು. ಯಾವುದೋ ಬ್ಯಾಕಪ್ ಹುಚ್ಚೆದ್ದು ಓಡಿದರೂ ನಷ್ಟ ಒಂದೇ ದಿನದ್ದು. ಒಟ್ಟಿಗೆ ಕೊಡುವ ಪ್ಲಾನಿನಲ್ಲಿ ತಿಂಗಳದ್ದೇ ಹೋಗಬಹುದು. ಮೇಲಿನ ಸೆಟ್ಟಿಂಗ್ ಎಲ್ಲ ಮಾಡಿ, ಎರಡು ವಾರ ಅಳೆದು, ಆಮೇಲೆ ಬದಲಿಸಿ. ಅಲ್ಲಿಯವರೆಗೆ 1.5 ಇರಲಿ. ಮಿತಿ ಮುಗಿದರೂ ಹೆಚ್ಚಿನ ಪ್ಲಾನ್‌ಗಳಲ್ಲಿ 64 ಕೆಬಿಪಿಎಸ್ ವೇಗ ಉಳಿದಿರುತ್ತದೆ: ಬರಹದ ಮೆಸೇಜ್ ಹೋಗುತ್ತದೆ, 2 ಎಂಬಿ ಫೋಟೋಗೆ ನಾಲ್ಕು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ.

ಚಿಕ್ಕಮಗಳೂರಿನಿಂದ

‘ಅನ್‌ಲಿಮಿಟೆಡ್ 5ಜಿ’ ನೋಡಿ ಏರಿಸುವ ಮುಂಚೆ ಒಂದು ಮಾತು. ಫೋನೂ 5ಜಿಯದ್ದಾಗಿರಬೇಕು, ಸಿಗ್ನಲ್ಲೂ 5ಜಿ ಇರಬೇಕು. ಗುಡ್ಡದ ಮರೆಯ ಮನೆಯೊಳಗೆ ಅದು 4ಜಿಗೆ ಇಳಿದ ಕ್ಷಣದಿಂದ ದಿನದ ಮಿತಿಯೇ ಕರಗುತ್ತದೆ. ಅಪ್ಪ ಕೂತು ನೋಡುವ ಜಾಗದಲ್ಲೇ ಯಾವ ಗುರುತು ಬರುತ್ತದೆ ಪರೀಕ್ಷಿಸಿ.

ಅಮ್ಮನ ವಿಷಯ ಯಾರೂ ಹೇಳಲಿಲ್ಲ. ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲಾನನ್ನೂ ಕಂಪನಿಗಳು ಕೊಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅಂಥದಕ್ಕೆ 365 ದಿನದವರೆಗೂ ಅವಧಿ ಇರಬಹುದು. 28 ದಿನದ್ದಾದರೆ ವರ್ಷಕ್ಕೆ 13 ಸಲ ರೀಚಾರ್ಜ್. ಅಂಗಡಿಯಲ್ಲಿ ‘ಡೇಟಾ ಇಲ್ಲದ್ದು, ಬರೀ ಕರೆಯದ್ದು’ ಎಂದು ಬಿಡಿಸಿ ಕೇಳಿ. ಹಾಕಿಸಿದ ಮೇಲೆ ಆ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿಡಿ. ಇಲ್ಲದಿದ್ದರೆ ಮುಖ್ಯ ಬ್ಯಾಲೆನ್ಸಿನಲ್ಲಿ ದುಡ್ಡಿದ್ದಾಗ ಬಿಡಿ ದರದಲ್ಲಿ ಕಡಿತವಾಗಬಹುದು.